ಕಡೀತನಕ ಕೂಡ್ರಿ

"ಒಂದು ಮಾತು ಸುಳ್ಳಿದ್ರ ಈ ಮಿರ್ಚಿ ನನ್ನ ನಾಲಗಿ ಸುಡಲಿ," ಎಂದು ಎದುರು ಕೂತ ಪರವೂರಿನವನಿಗೆ ಹೇಳಿದೆ. "ಗ್ವಾಡಿ ಮ್ಯಾಲಿನ ಆ ಯಂತ್ರ ನಮ್ಮ ಚಟಗಳನ್ನ ಹಳೇ ಷೇರುಪೇಟಿ ಲೆಕ್ಕಕ್ಕ ಹಚ್ಚಿ ನೋಡತೈತ್ರಿ. ತಾಳೆ ಆದ್ರ ಆ ಚಟಾನ ಪೇಟಿ ಸುಳಿವು ಅಂತ ತಾನ ಮಾರಾಟಕ್ಕ ಇಡತೈತಿ. ಇಲ್ಲಿ ಸಪ್ಲೈಯರ್ ದುರಗಪ್ಪ ಸೀನೋ ಚಟ ಎರಡು ವಾರ ಮಾರಾಟ ಆತು. ಈಗ ನಾ ಕತಿ ಹೇಳೋ ಚಟದ ಸರದಿ. ಕೇಳೋರು ಕಡೀತನಕ ಕೂತ್ರ ಪೇಟಿ ಏರತೈತಿ, ನಡುವ ಎದ್ರ ಬೀಳತೈತಿ. ಇದನ್ನ ನಂಬಿ ಊರೆಲ್ಲ ಷೇರು ಹಿಡದೈತಿ. ನನ್ನ ಹೆಂಡತಿ ಕೊರಳಾಗಿನ ಬಂಗಾರದ ಬೋರಮಾಳನೂ ಅದರಾಗ ಹೋಗೈತಿ."

ಅವನು ಗಡಿಯಾರ ನೋಡಿದ. ಹೋಟೆಲಿನಲ್ಲಿ ಅಗಿಯುವ ಸದ್ದು ನಿಂತಿತು. ದುರಗಪ್ಪ ಓಡಿಬಂದು ಅವನ ಮುಂದೆ ಇನ್ನೊಂದು ಪ್ಲೇಟ್ ಇಟ್ಟ.

"ಕೂಡ್ರಿ, ಮುಗಿಯಾಕ ಬಂತು," ಎಂದೆ. "ಮೊನ್ನೆ ಒಬ್ಬಾವ ನಿಮ್ಮಂಗ..."

"ಬಸ್ಸು ಬಂತ್ರೀ," ಎಂದು ಅವನು ನಡೆದೇಬಿಟ್ಟ.

ಒಲೆಯ ಮುಂದಿದ್ದ ಹೆಂಡತಿ ಕೈ ಒರೆಸಿಕೊಂಡು ಬಂದು ಅದೇ ಕುರ್ಚಿಯಲ್ಲಿ ಕೂತಳು.

"ಮುಂದೇನಾತು, ಹೇಳ್ರಿ."