ಮಂಕರಿಯ ಕೆಳಗಿನ ಮರಿ

ಬಿದಿರು ಮಂಕರಿ ಕಂಡರೆ ಈಗಲೂ ನನಗೆ ಬೂದಿಯಲ್ಲಿ ಹೊರಳಿದ ನಾಯಿಮರಿಗಳ ಹಾಲುವಾಸನೆ ಬಂದಂತಾಗುತ್ತದೆ.

ಅದು ಯುದ್ಧದ ಕಾಲ. ಸೀಮೆಎಣ್ಣೆ ಸಿಗದೆ ಊರು ಬೇಗ ಕತ್ತಲಾಗುತ್ತಿತ್ತು, ಎಲ್ಲರಿಗೂ ನಾಯಿ ಬೇಕಿತ್ತು. ಮರಿ ಕೊಡುವ ಮುಂಚೆ ಅಜ್ಜಿ ಒಂದೊಂದನ್ನೇ ಮಂಕರಿಯಡಿ ಕವುಚಿಹಾಕಿ ಕಿವಿಗೊಡುತ್ತಿದ್ದಳು. ಕುಂಯ್‌ಗುಡುವ ಮರಿ ಮಕ್ಕಳಾಟಕ್ಕೆ, ಬೊಗಳುವ ಮರಿ ಕಾವಲಿಗೆ ಎಂಬುದು ಅವಳ ಲೆಕ್ಕ.

ಆ ಮಧ್ಯಾಹ್ನ ಬೆಸಗರಹಳ್ಳಿ ಕಡೆಯ ತರುಣನೊಬ್ಬ ಮರಿ ಕೇಳಿಕೊಂಡು ಬಂದ.

"ಈ ಬೀದಿಗೆ ಇದೇ ಮೊದ್ಲು ಕಣವ್ವ ಬತ್ತಿರೋದು," ಎಂದ.

ಮರಿ ಹಾಕಿದಂದಿನಿಂದ ನನ್ನನ್ನೂ ಹತ್ತಿರ ಸೇರಿಸದಿದ್ದ ತಾಯಿನಾಯಿ, ಬಾಲ ಆಡಿಸುತ್ತ ಹೋಗಿ ಅವನ ಕೈ ನೆಕ್ಕಿತು.

"ನಮ್ ನಾಯ್ಗೆ ನಿನ್ ಗುರ್ತು ಚೆನ್ನಾಗ್ ಅದಲ್ಲಪ್ಪ?" ಎಂದಳು ಅಜ್ಜಿ.

"ಆಲೆಮನೇಲಿ ಕೆಲ್ಸ ಕಣವ್ವ. ಕೈಯೆಲ್ಲ ಬೆಲ್ಲದ ವಾಸ್ನೆ."

ಅಜ್ಜಿ ಅವನನ್ನು ನೋಡುತ್ತಿರಲಿಲ್ಲ. ಗಂಡ ಸತ್ತು ತವರಿಗೆ ಬಂದಿದ್ದ ನನ್ನ ಸೋದರತ್ತೆ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು. ಅಜ್ಜಿಯ ಕಣ್ಣು ಅವಳ ಮೇಲಿತ್ತು. ಅತ್ತೆ ತಲೆ ಎತ್ತಲಿಲ್ಲ. ಆದರೆ ಮೊರದ ಸದ್ದು ನಿಂತುಹೋಗಿತ್ತು.

ಕುಂಯ್‌ಗುಡುವ ಮರಿಯೊಂದನ್ನು ಅವನ ಕೈಗಿಟ್ಟು ಅಜ್ಜಿ ಕಳಿಸಿಬಿಟ್ಟಳು. ಆಮೇಲೆ, ಕುರಿಹಟ್ಟಿಯವರಿಗೆ ಕೊಡುತ್ತೇನೆಂದಿದ್ದ, ಎಲ್ಲಕ್ಕಿಂತ ಜೋರಾಗಿ ಬೊಗಳುವ ಮರಿಯನ್ನು ಎತ್ತಿಕೊಂಡಳು.

"ಇದ್ನ ಯಾರ್ಗೂ ಕೊಡಕಿಲ್ಲ. ನಮ್ ಇತ್ಲಲ್ಲೇ ಇರ್ಲಿ," ಎಂದು ಅತ್ತೆಗೆ ಕೇಳುವಂತೆ ಹೇಳಿ, ಹಿತ್ತಲ ಬಾಗಿಲಿಗೆ ಅದನ್ನು ಕಟ್ಟಿದಳು.

ಸಂಜೆ ನಾನು ಹಿತ್ತಲಿಗೆ ಹೋದಾಗ ಅತ್ತೆ ಅಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಸೆರಗಿನ ಗಂಟು ಬಿಚ್ಚಿ, ಆ ಮರಿಗೆ ಚೂರು ಚೂರಾಗಿ ಬೆಲ್ಲ ತಿನ್ನಿಸುತ್ತಿದ್ದಳು.