ಅಂಟು ಮುಟ್ಟದ ಮೂಲೆ

ಮರದ ಅಂಟಿನ ವಾಸನೆ ಬಂದರೆ ಈಗಲೂ ನನ್ನ ಬೆರಳುಗಳು ತಾವಾಗಿ ಸೆರಗಿನೊಳಗೆ ಹೋಗುತ್ತವೆ.

ಯಮಕನಮರಡಿಯ ನಮ್ಮ ಅಂಗಳದಲ್ಲಿ ಕಾಕಾನ ಕಾರಿಗೆಂದು ಬಡಿಗೇರ ಅಜ್ಜ ಸಬ್‌ವೂಫರ್ ಸ್ಪೀಕರಿನ ಮರದ ಡಬ್ಬಿ ಕೂಡಿಸಿದ್ದ. ಒಳಗಿನ ಸಂದಿಗಳಿಗೆ ಅವನ ದಪ್ಪ ಬೆರಳು ಹಿಡಿಸುತ್ತಿರಲಿಲ್ಲ. ಅಂಟಿಗೆ ಕಟ್ಟಿಗೆಯ ಪುಡಿ ಕಲಸಿ ನನ್ನ ಮುಂದಿಟ್ಟ.

"ಒಂದೂ ಸಂದಿ ಬಿಡಬ್ಯಾಡ ತಂಗಿ. ಗಾಳಿ ಹೊರಗ ಹೊಂಟ್ರ ದನಿ ಕೆಡತೈತಿ."

ಅವತ್ತಷ್ಟೇ ಕೈಗೆ ಮದರಂಗಿ ಹಚ್ಚಿಸಿಕೊಂಡಿದ್ದೆ. ಅದು ಕೆಡಬಾರದೆಂದು ಒಂದು ಕಡ್ಡಿಯಿಂದ ಕಂಡಷ್ಟು ಮೆತ್ತಿ, ಹಿಂದಿನ ಮೂಲೆ ಬಿಟ್ಟು, "ಎಲ್ಲಾ ಆತು ಅಜ್ಜಾ" ಎಂದೆ.

ಮರುದಿನ ಕಾಕಾ ಹಾಡು ಹಚ್ಚಿ, ಗಾಳಿ ಸೋರುತ್ತದೆಯೇ ನೋಡಲು ದೇವರ ಮನೆಯ ಊದಿನಕಡ್ಡಿ ತಂದು ಡಬ್ಬಿಯ ಸುತ್ತ ಹಿಡಿದ. ಹಿಂದಿನ ಮೂಲೆಗೆ ಬಂದಾಗ ಹೊಗೆ ಚೆದುರಿತು.

"ಇಷ್ಟು ವರ್ಷ ಏನ್ ಬಡಿಗತನ ಮಾಡೀರಿ ನೀವು?" ಓಣಿಯವರ ಮುಂದೆಯೇ ಅಜ್ಜನ ಮೇಲೆ ರೇಗಿದ.

ಅಜ್ಜ ಸ್ಪೀಕರ್ ಬಿಚ್ಚಿ, ಒಳಗೆ ಕೈ ಹಾಕಿ ಆ ಮೂಲೆ ತಡವಿದ. ಕೈ ಅಲ್ಲೇ ನಿಂತಿತು. ನನ್ನ ಕೆಂಪು ಬೆರಳುಗಳನ್ನು ನೋಡಿದ. ನಾನು ಅವನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ.

"ನಂದ ತಪ್ಪರಿ. ಹಲಿಗಿ ಓರೆ ಕೊಯ್ದೀನಿ" ಎಂದ.

ಮತ್ತೆ ಅಂಟು ಕಲಸಿ ತಾನೇ ಹೇಗೋ ಮೆತ್ತಿದ. ಹೋಗುವಾಗ ನನ್ನ ಬಳಿ ನಿಂತ.

"ಮದರಂಗಿ ಛಲೋ ಹತ್ತೈತಿ, ತಂಗಿ."