ಮೊಳೆಯಕ್ಕನ ಸಾಕ್ಷಿ

"ಸುಳ್ಳು ಸಾಕ್ಷಿ ಕರ್ಕೊಂಡು ಬಂದಿದ್ರೆ ಈಗಲೇ ಹೇಳಿಬಿಡಿ," ಎಂದರು ಸ್ಮಾರಕ ಸಮಿತಿಯ ಅಧ್ಯಕ್ಷರು.

ಮೊಳೆಯಕ್ಕ ಹೊರಗೆ ಕಣ್ಣು ಹಾಯಿಸಿದಳು. ಕಿಟಕಿಯಾಚೆ, ಹಳೆಯ ಸೆರೆಮನೆಯ ಅಂಗಳದಲ್ಲಿ, ಕಲ್ಲುಕುಟಿಗ ಸ್ಮಾರಕಕ್ಕೆ ಹೆಸರು ಕೆತ್ತುತ್ತಿದ್ದ. ಕೆಳಗೆ ಒಂದು ಸಾಲಿನ ಜಾಗ ಉಳಿದಿತ್ತು. ನಾಳೆ ಅನಾವರಣ. ಅಲ್ಲಿ ತನ್ನ ಹೆಸರು ಬರದಿದ್ದರೆ ಇಲ್ಲಿ ಪಟ್ಟ ಪಾಡೆಲ್ಲ ಸುಳ್ಳಾಗಿಬಿಡುತ್ತದೆ. ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಪರಕೀಯರ ಆಳ್ವಿಕೆಯಲ್ಲಿ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತ, ಕದ್ದು ಕರಪತ್ರ ಅಚ್ಚು ಹಾಕಿ ಸಿಕ್ಕಿಬಿದ್ದವಳು. ಅಡ್ಡಹೆಸರು ಬಂದದ್ದೂ ಆ ಕೆಲಸದಿಂದಲೇ. ಸ್ವಾತಂತ್ರ್ಯ ಬಂದ ಮರುವರ್ಷ ಹೊಸ ಸರ್ಕಾರದ ವಿರುದ್ಧವೂ ಮುಷ್ಕರ ಹೂಡಿದಳು. ಅಂದಿನಿಂದ ಹಳೆಯ ಸಂಗಡಿಗರಿಗೆಲ್ಲ ಮರೆವಿನ ಕಾಯಿಲೆ! ಜೊತೆಯಲ್ಲಿ ಸೆರೆಯಲ್ಲಿದ್ದ ಹೆಂಗಸರೂ ಇವಳನ್ನು ಕಂಡೇ ಇಲ್ಲವೆಂದು ಕೈತೊಳೆದುಕೊಂಡಿದ್ದರು.

ಊರೆಲ್ಲ ಅಲೆದು, ಕೊನೆಗೆ ಕೈಮುಗಿದು ಕರೆತಂದ ಸಾಕ್ಷಿ ಬಾಗಿಲ ಬಳಿ ನಿಂತಿದ್ದಳು. ಮುದುಕಿ. ಕುರ್ಚಿ ತೋರಿಸಿದರೂ ಕೂರಲಿಲ್ಲ. ಮೊಳೆಯಕ್ಕ ಅವಳತ್ತ ತಿರುಗಿಯೂ ನೋಡಲಿಲ್ಲ.

"ಈ ಜೈಲಲ್ಲೇ ಇದ್ರೇನಮ್ಮ ನೀವೂ?"

"ಇದ್ದೆ ಸ್ವಾಮಿ. ಇವರು ಬರೋಕೆ ಮುಂಚಿನಿಂದ, ಇವರು ಹೋದಮೇಲೂ."

ಅಧ್ಯಕ್ಷರ ದನಿ ಮೆತ್ತಗಾಯಿತು. "ಇವರನ್ನ ಎಲ್ಲಿಟ್ಟಿದ್ರು?"

"ಹಿಂದಿನ ಸಾಲು, ಕಿಟಕಿ ಇಲ್ಲದ ಕೋಣೆ. ಕರಪತ್ರ ಬರೆದೋರು ಯಾರು ಅಂತ ಕೇಳಿ ಕೇಳಿ ಬಲಗೈ ಎರಡು ಬೆರಳು ಮುರಿದಾಯ್ತು. ಇವರು ಬಾಯಿಬಿಡಲಿಲ್ಲ. ನೀರು ಮಾತ್ರ ಕೇಳಿದ್ರು."

"ಸಿಕ್ತಾ?"

"ಇಲ್ಲ." ಮುದುಕಿ ನೆಲ ನೋಡಿದಳು. "ಇವತ್ತಿಗೂ ಕಣ್ಣು ಮುಚ್ಚಿದ್ರೆ ಅದೇ ದನಿ."

ಅಧ್ಯಕ್ಷರು ಮೊಳೆಯಕ್ಕನ ಸೊಟ್ಟ ಬೆರಳುಗಳನ್ನು ನೋಡಿದರು. ಜೊತೆಗಿದ್ದವರಲ್ಲಿ ಒಬ್ಬಳಿಗಾದರೂ ನೆನಪು ಉಳಿದಿದೆಯಲ್ಲ ಎಂದುಕೊಂಡು ಕಿಟಕಿಗೆ ಹೋಗಿ, ಮೊಳೆಯಕ್ಕನ ಹೆಸರನ್ನು ಕಲ್ಲುಕುಟಿಗನಿಗೆ ಕೂಗಿ ಹೇಳಿದರು. ಮೊಳೆಯಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

ಅಧ್ಯಕ್ಷರಿಗೆ ಈಗ ಉದಾರತೆ ಉಕ್ಕಿ ಬಂದಿತ್ತು. "ಒತ್ತೊತ್ತಾಗಿ ಕೆತ್ತಿದ್ರೆ ಇನ್ನೊಂದು ಹೆಸರು ಹಿಡಿಸುತ್ತೆ. ನಿಮ್ಮದೂ ಹೇಳಿಬಿಡಿ ಅಮ್ಮ."

ಮುದುಕಿ ಬೆದರಿ ಹಿಂದೆ ಸರಿದಳು. "ಅಯ್ಯೋ, ಬೇಡ ಸ್ವಾಮಿ."

"ಸಂಕೋಚ ಯಾಕೆ? ನೀವೂ ಇಲ್ಲಿ ವರ್ಷಗಟ್ಟಲೆ ಸವೆಸಿದೋರೇ ಅಲ್ವಾ?"

"ಸಂಬಳಕ್ಕೆ ಕಾವಲಿಗಿದ್ದೋಳು ಸ್ವಾಮಿ ನಾನು. ಆ ಬೆರಳು ಮುರಿದೋಳು ನಾನೇ."